ಮನೆಯಲ್ಲೇ ಕೂತು ಡಿಗ್ರಿ ಓದುವ ಆಟಿಸ್ಟಿಕ್ ವಿದ್ಯಾರ್ಥಿಗೆ: ಅಡ್ಮಿಷನ್‌ನಿಂದ ಪರೀಕ್ಷೆಯವರೆಗೆ

ನಾನು ರೆಗ್ಯುಲರ್ ಕಾಲೇಜು ಬಿಟ್ಟಿದ್ದು ಎರಡನೇ ವರ್ಷದಲ್ಲಿ. ಪಾಠ ತಲೆಗೆ ಹತ್ತುತ್ತಿತ್ತು. ಹತ್ತದೇ ಇದ್ದದ್ದು ಉಳಿದದ್ದೆಲ್ಲ. ಎಂಬತ್ತು ಜನರ ಕ್ಲಾಸು, ಗುಂಯ್‌ಗುಡುವ ಟ್ಯೂಬ್‌ಲೈಟು, ಬೆಲ್ ಹೊಡೆದ ಕೂಡಲೇ ಕಾರಿಡಾರಿನಲ್ಲಿ ನುಗ್ಗುವ ಜನ, ಹೋಗಿ ಬರಲು ದಿನಕ್ಕೆ ಮೂರು ಗಂಟೆ ಬಸ್ಸು. ಸಂಜೆ ಮನೆಗೆ ಬಂದರೆ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಇದಕ್ಕೆ ಆಟಿಸಂ ಅಂತ ಹೆಸರಿದೆ ಎಂದು ಗೊತ್ತಾಗಿದ್ದು ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ. ಆಮೇಲೆ ದೂರ ಶಿಕ್ಷಣಕ್ಕೆ ಸೇರಿದೆ. ಇನ್ನು ಗದ್ದಲ ಇಲ್ಲ, ಎಲ್ಲ ಸಲೀಸು ಅಂದುಕೊಂಡೆ. ಪುಸ್ತಕದ ಪಾರ್ಸೆಲ್ ಮನೆಗೆ ಬಂತು. ಎರಡು ತಿಂಗಳು ಅದನ್ನು ಬಿಚ್ಚಿಯೂ ನೋಡಲಿಲ್ಲ.

ಯಾಕೆ ಹೀಗಾಯಿತು ಅಂತ ಅರ್ಥ ಆಗಲು ಬಹಳ ದಿನ ಹಿಡಿಯಿತು. ದೂರ ಶಿಕ್ಷಣದಲ್ಲಿ ಗದ್ದಲ ಇರುವುದಿಲ್ಲ, ನಿಜ. ಆದರೆ ಟೈಮ್‌ಟೇಬಲ್ಲು, ಬೆಲ್ಲು, 'ನಾಳೆ ಇಷ್ಟು ಓದಿಕೊಂಡು ಬಾ' ಅನ್ನುವ ಮೇಷ್ಟ್ರು, ಇವೂ ಇರುವುದಿಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಗದ್ದಲ ಎಷ್ಟು ಕಷ್ಟವೋ, ಹಿಡಿದುಕೊಳ್ಳಲು ಏನೂ ಇಲ್ಲದ ಖಾಲಿ ದಿನವೂ ಅಷ್ಟೇ ಕಷ್ಟ. ಕಾಲೇಜು ಕೊಡುತ್ತಿದ್ದ ಆ ಚೌಕಟ್ಟನ್ನು ಮನೆಯಲ್ಲಿ ನಾವೇ ಕಟ್ಟಿಕೊಳ್ಳಬೇಕು. ಅದನ್ನು ಹೆಜ್ಜೆ ಹೆಜ್ಜೆಯಾಗಿ ಕೆಳಗೆ ಬರೆದಿದ್ದೇನೆ.

1. ಸೇರುವ ಮೊದಲು ನೋಡಬೇಕಾದದ್ದು

ಬೆಂಗಳೂರಿನಲ್ಲಿದ್ದುಕೊಂಡು ಓದುವವರು ಹೆಚ್ಚಾಗಿ ನೋಡುವುದು ಎರಡನ್ನು. ಒಂದು ಇಗ್ನೋ, 1985ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮುಕ್ತ ವಿಶ್ವವಿದ್ಯಾಲಯ. ಇನ್ನೊಂದು ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, 1996ರದ್ದು. ಎರಡಕ್ಕೂ ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಕನ್ನಡ ಮಾಧ್ಯಮದಲ್ಲೇ ಓದಬೇಕು ಅನ್ನುವವರು ರಾಜ್ಯ ಮುಕ್ತ ವಿವಿಯನ್ನು ಮೊದಲು ನೋಡಿ. ಇವೆರಡೇ ಅಲ್ಲದೆ ಬೇರೆ ವಿಶ್ವವಿದ್ಯಾಲಯಗಳೂ ದೂರ ಶಿಕ್ಷಣ ಮತ್ತು ಆನ್‌ಲೈನ್ ಡಿಗ್ರಿ ಕೊಡುತ್ತವೆ.

ಎಲ್ಲೇ ಸೇರಿದರೂ ಯುಜಿಸಿಯ ದೂರ ಶಿಕ್ಷಣ ಬ್ಯೂರೋ ವೆಬ್‌ಸೈಟಿನಲ್ಲಿ ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ನೀವೇ ಕಣ್ಣಾರೆ ನೋಡಿ. ಏಜೆಂಟ್ ಹೇಳಿದ ಅಂತ ನಂಬಬೇಡಿ. ನಮ್ಮ ರಾಜ್ಯ ಮುಕ್ತ ವಿವಿಗೇ ಕೆಲವು ವರ್ಷ ಮಾನ್ಯತೆ ಇಲ್ಲದೆ ಹೋಗಿ, 2018ರಲ್ಲಿ ಮತ್ತೆ ಸಿಕ್ಕಿದ್ದು ನೆನಪಿರಬಹುದು. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಇವನ್ನು ದೂರ ಶಿಕ್ಷಣದಲ್ಲಿ ಕೊಡಲು ಅನುಮತಿಯೇ ಇಲ್ಲ. ಯಾರಾದರೂ ಕೊಡುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಅಡ್ಮಿಷನ್ನಿಗೆ ಎಬಿಸಿ ಐಡಿ (ಓದಿನ ಕ್ರೆಡಿಟ್‌ಗಳನ್ನು ಕೂಡಿಡುವ ಆನ್‌ಲೈನ್ ಖಾತೆಯ ಸಂಖ್ಯೆ), ಡೆಬ್ ಐಡಿ (ದೂರ ಶಿಕ್ಷಣ ಬ್ಯೂರೋದ ಸಂಖ್ಯೆ) ಎರಡೂ ಬೇಕು. ಅರ್ಜಿ ತುಂಬುವ ದಿನ ಗಾಬರಿ ಆಗದ ಹಾಗೆ ಮೊದಲೇ ಮಾಡಿಟ್ಟುಕೊಳ್ಳಿ.

'ಕರೆಸ್ಪಾಂಡೆನ್ಸಾ? ಅದಕ್ಕೆ ಬೆಲೆ ಇದೆಯಾ?' ಅಂತ ನೆಂಟರು ಕೇಳೇ ಕೇಳುತ್ತಾರೆ. ಇದೆ. ಮಾನ್ಯತೆ ಇರುವ ಕಡೆ ಪಡೆದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮಾನ ಅಂತ ಯುಜಿಸಿಯ 2020ರ ನಿಯಮಗಳೇ ಹೇಳುತ್ತವೆ. ಇಷ್ಟು ಹೇಳಿ ಸುಮ್ಮನಾಗಿ. ವಾದ ಮಾಡಿ ಸುಸ್ತಾಗುವುದು ಬೇಡ.

ಇನ್ನು ನಮಗೆ ಅಂತಲೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು. ಸಂಪರ್ಕ ತರಗತಿ, ಅಂದರೆ ಕೇಂದ್ರಕ್ಕೇ ಹೋಗಿ ಕೂರುವ ಪಾಠ, ಕಡ್ಡಾಯವಾ? ಪ್ರಾಕ್ಟಿಕಲ್ ಇದೆಯಾ, ಇದ್ದರೆ ಎಷ್ಟು ದಿನ, ಎಲ್ಲಿ? ಅಸೈನ್‌ಮೆಂಟಿಗೆ ಎಷ್ಟು ಅಂಕ? ಇಗ್ನೋದ ಹೆಚ್ಚಿನ ಕೋರ್ಸುಗಳಲ್ಲಿ ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70. ಪೂರ್ತಿ ಮಾಡಲು ಎಷ್ಟು ವರ್ಷ ಕೊಡುತ್ತಾರೆ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಇಗ್ನೋದಲ್ಲಿ ಮೂರು ವರ್ಷದ ಬಿ.ಎ.ಯನ್ನು ಆರು ವರ್ಷದವರೆಗೂ ಎಳೆಯಬಹುದು. ಈ ಒಂದು ಮಾತು ನನಗೆ ಮೊದಲೇ ಗೊತ್ತಿದ್ದಿದ್ದರೆ ಎಷ್ಟೋ ರಾತ್ರಿ ನಿದ್ದೆ ಮಾಡಿರುತ್ತಿದ್ದೆ.

ವಿಷಯ ಯಾವುದು ಅಂತ ಕೇಳಿದರೆ ನನ್ನ ಉತ್ತರ ಒಂದೇ. ನೀವು ಈಗಾಗಲೇ ಮುಳುಗಿ ಹೋಗಿರುವ ವಿಷಯ. ಶಾಸನಗಳ ಹುಚ್ಚಿದ್ದರೆ ಇತಿಹಾಸ, ಅಂಕಿ ಅಂದರೆ ಪ್ರಾಣ ಇದ್ದರೆ ಗಣಿತ. ಮೇಷ್ಟ್ರಿಲ್ಲದ ಓದಿನಲ್ಲಿ ನಿಮ್ಮನ್ನು ಎಳೆದುಕೊಂಡು ಹೋಗುವುದು ಆ ಹುಚ್ಚೇ.

2. ಕಾಗದ ಪತ್ರ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಒಟ್ಟು 21 ಬಗೆಯ ವಿಕಲತೆಗಳಿವೆ. ಆಟಿಸಂ ಅದರಲ್ಲಿ ಒಂದು. ಪ್ರಮಾಣ ಪತ್ರದಲ್ಲಿ ವಿಕಲತೆ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟಿನ ಮೀಸಲಾತಿ, ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ ಇದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಆಮೇಲೆ ಸರ್ಕಾರ ಗುರುತಿಸಿದ ಆಸ್ಪತ್ರೆಯಲ್ಲಿ ತಪಾಸಣೆ.

ಅಲ್ಲಿ ಸಾಮಾನ್ಯವಾಗಿ ಬಳಸುವುದು ಐಸಾ ಎಂಬ ಭಾರತೀಯ ಅಳತೆಗೋಲು. 40 ಅಂಶಗಳು, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ದೊಡ್ಡವರಾದ ಮೇಲೆ ತಪಾಸಣೆಗೆ ಹೋಗುವವರಿಗೆ ಒಂದು ತೊಂದರೆ ಇದೆ. ಇಷ್ಟು ವರ್ಷ 'ಸರಿಯಾಗಿ' ನಡೆದುಕೊಳ್ಳುವುದನ್ನು ಅಭ್ಯಾಸ ಮಾಡಿರುತ್ತೇವೆ. ಡಾಕ್ಟರ ಮುಂದೆಯೂ ಅದೇ ನಡೆಯುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ನಕ್ಕು ಮಾತಾಡಿ ಬರುತ್ತೇವೆ, ಮನೆಗೆ ಬಂದು ಎರಡು ದಿನ ಏಳುವುದಿಲ್ಲ. ಅದಕ್ಕೇ ಬರೆದುಕೊಂಡು ಹೋಗಿ. ಚಿಕ್ಕಂದಿನಲ್ಲಿ ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದಿರಿ, ಯಾವ ಬಟ್ಟೆ ಮೈಗೆ ತಾಗಿದರೆ ಅಳುತ್ತಿದ್ದಿರಿ, ಈಗ ಯಾವ ಕೆಲಸದ ನಂತರ ಎಷ್ಟು ಹೊತ್ತು ಮಲಗಬೇಕಾಗುತ್ತದೆ, ಎಲ್ಲ. ಅಮ್ಮನೋ ಅಜ್ಜಿಯೋ ಜೊತೆಗೆ ಬಂದರೆ ಒಳ್ಳೆಯದು. ಹಳೇ ಶಾಲೆಯ ಪ್ರೋಗ್ರೆಸ್ ಕಾರ್ಡಿನಲ್ಲಿ 'ಯಾರ ಜೊತೆಯೂ ಬೆರೆಯುವುದಿಲ್ಲ' ಅಂತ ಟೀಚರ್ ಬರೆದ ಸಾಲು ಇದ್ದರೆ ಅದನ್ನೂ ಹಿಡಿದುಕೊಂಡು ಹೋಗಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇರುವುದು ನಮ್ಮ ಅದೃಷ್ಟ. ಆದರೆ ಹೊರರೋಗಿ ವಿಭಾಗದಲ್ಲಿ ಬೆಳಿಗ್ಗೆಯಿಂದಲೇ ಜನ ಇರುತ್ತಾರೆ. ಕಿವಿಗೆ ಇಯರ್‌ಪ್ಲಗ್, ನೀರು, ತಿನ್ನಲು ನಿಮಗೆ ಒಗ್ಗುವ ಏನಾದರೂ ಬ್ಯಾಗಿನಲ್ಲಿರಲಿ.

ಶೇ. 40 ಬರಲಿಲ್ಲ ಅಂದರೆ ಎಲ್ಲ ಬಾಗಿಲೂ ಮುಚ್ಚಿತು ಅಂತಲ್ಲ. ಪರೀಕ್ಷೆಯಲ್ಲಿ ಲಿಪಿಕಾರರ (ನಾವು ಹೇಳಿದ ಉತ್ತರವನ್ನು ಬರೆದುಕೊಡುವವರ) ನೆರವು ಪಡೆಯಲು ಶೇ. 40 ಇರಲೇಬೇಕು ಅನ್ನುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಆಟಿಸಂ ಇರುವ ವಿಷಯವನ್ನು ವಿಶ್ವವಿದ್ಯಾಲಯಕ್ಕೆ ಹೇಳಬೇಕಾ ಬೇಡವಾ ಅನ್ನುವುದು ನಿಮಗೆ ಬಿಟ್ಟದ್ದು. ನಾನು ಮೊದಲ ವರ್ಷ ಹೇಳಲಿಲ್ಲ, ಎರಡನೇ ವರ್ಷ ಹೇಳಿದೆ. ಹೇಳಿದ ಮೇಲೆ ಕೆಲಸ ಹಗುರ ಆಯಿತು.

3. ಕೂರುವ ಜಾಗ

ಬೆಂಗಳೂರಿನ ಮನೆಯಲ್ಲಿ ನಿಶ್ಶಬ್ದ ಅನ್ನುವುದು ಇಲ್ಲ. ಬೆಳಿಗ್ಗೆ ಸೊಪ್ಪಿನ ಗಾಡಿಯ ಮೈಕು, ಆಮೇಲೆ ಕುಕ್ಕರ್, ಮಿಕ್ಸಿ, ಪಕ್ಕದ ಸೈಟಿನಲ್ಲಿ ಡ್ರಿಲ್ಲು, ಗಣೇಶನ ಹಬ್ಬದ ತಿಂಗಳಲ್ಲಿ ಪೆಂಡಾಲಿನ ಸ್ಪೀಕರು. ಒಂದು ವಾರ ಸುಮ್ನೆ ಬರೆದಿಟ್ಟುಕೊಳ್ಳಿ, ಯಾವ ಹೊತ್ತಿಗೆ ಯಾವ ಸದ್ದು ಅಂತ. ನಮ್ಮ ಮನೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕೂವರೆ ಎಲ್ಲಕ್ಕಿಂತ ಶಾಂತ ಅಂತ ಹೀಗೆ ಬರೆದ ಮೇಲೇ ಗೊತ್ತಾಯಿತು. ಅಲ್ಲಿಯವರೆಗೆ, ಓದುವುದು ಬೆಳಗಿನ ಜಾವ ಅಂತ ಎಲ್ಲರೂ ಹೇಳಿದ್ದನ್ನು ಕೇಳಿ ಐದು ಗಂಟೆಗೆ ಎದ್ದು ಒದ್ದಾಡುತ್ತಿದ್ದೆ.

ಮೇಜು ಇರಲೇಬೇಕು ಅಂತಿಲ್ಲ. ಒಂದೇ ಜಾಗ ಇರಬೇಕು. ಅದು ಮಲಗುವ ಜಾಗ ಆಗಬಾರದು. ಗೋಡೆಗೆ ಬೆನ್ನು ಕೊಟ್ಟು ಕೂತರೆ ಹಿಂದಿನಿಂದ ಯಾರೋ ಬರುತ್ತಾರೆ ಅನ್ನುವ ಆತಂಕ ಇರುವುದಿಲ್ಲ. ಟ್ಯೂಬ್‌ಲೈಟ್ ಆರಿಸಿ ಹಳದಿ ಬಲ್ಬಿನ ಟೇಬಲ್ ಲ್ಯಾಂಪ್ ಹಾಕಿ ನೋಡಿ. ಕೈಗೆ ಏನಾದರೂ ಬೇಕು ಅನ್ನುವವರು ಇಟ್ಟುಕೊಳ್ಳಿ. ನಾನು ಹುಣಸೆ ಬೀಜ ಇಟ್ಟುಕೊಂಡಿದ್ದೇನೆ. ಓದುತ್ತಾ ತೂಗಾಡುವ ಅಭ್ಯಾಸ ಇದ್ದರೆ ತೂಗಾಡಿ. ಮನೆಯಲ್ಲಿ ಓದುವುದರ ದೊಡ್ಡ ಸುಖವೇ ಅದು, ಅಲ್ವಾ?

ಮನೆಯವರ ಜೊತೆ ಒಂದು ಒಪ್ಪಂದ ಆಗಲೇಬೇಕು. 'ಹೇಗೂ ಮನೇಲೇ ಇದ್ದೀಯಲ್ಲ ಪುಟ್ಟ, ಒಂದು ಪ್ಯಾಕೆಟ್ ಹಾಲು ತಂದ್ಬಿಡು' ಅಂತ ಅಮ್ಮ ಕರೆದರೆ ಅವಳಿಗೆ ಅದು ಐದು ನಿಮಿಷದ ಕೆಲಸ. ನನಗೆ ಓದಿನಿಂದ ಹೊರಗೆ ಬಂದು ಮತ್ತೆ ಒಳಗೆ ಹೋಗಲು ಒಂದು ಗಂಟೆ ಬೇಕು. ಇದನ್ನು ಕೋಪ ಮಾಡಿಕೊಳ್ಳದೆ, ಸಮಾಧಾನ ಇರುವ ಹೊತ್ತಿನಲ್ಲಿ ವಿವರಿಸಿದೆ. ಈಗ ಬಾಗಿಲಿಗೆ ಕೆಂಪು ಟವೆಲ್ ಹಾಕಿದ್ದರೆ ಯಾರೂ ಕರೆಯುವುದಿಲ್ಲ. ಬದಲಿಗೆ ಐದು ಗಂಟೆಗೆ ಹಾಲು ತರುವುದು ನನ್ನ ಕೆಲಸ, ತಪ್ಪಿಸುವುದಿಲ್ಲ.

ಮನೆಯಲ್ಲಿ ಆಗದ ದಿನಕ್ಕೆ ಇನ್ನೊಂದು ಜಾಗ ಗೊತ್ತು ಮಾಡಿಟ್ಟುಕೊಳ್ಳಿ. ನನಗೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯ. 1915ರಲ್ಲಿ ಕಟ್ಟಿದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಅದು. ಎತ್ತರದ ಚಾವಣಿ, ಹೊರಗೆ ಮರಗಳು. ಅಲ್ಲಿ ಯಾರೂ ಮಾತಾಡಿಸುವುದಿಲ್ಲ, ಆದರೂ ಪಕ್ಕದಲ್ಲಿ ಇನ್ನೊಬ್ಬರು ಓದುತ್ತಿರುತ್ತಾರೆ. ಹಾಗೆ ಒಬ್ಬರು ಪಕ್ಕದಲ್ಲಿದ್ದರೆ ಕೆಲಸ ಶುರು ಮಾಡುವುದು ನಮಗೆ ಸುಲಭ.

4. ಗಂಟೆಗಳ ಲೆಕ್ಕ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ನಿಧಾನವಾಗಿ ಓದಿ.

ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ಪಾಠ ಓದುವುದು, ವಿಡಿಯೋ ನೋಡುವುದು, ಅಸೈನ್‌ಮೆಂಟ್ ಬರೆಯುವುದು ಎಲ್ಲ ಅದರೊಳಗೇ. 4 ಕ್ರೆಡಿಟಿನ ಒಂದು ಪೇಪರ್ ಅಂದರೆ 120 ಗಂಟೆ. ಅದನ್ನು 20 ವಾರಕ್ಕೆ ಹಂಚಿದರೆ ವಾರಕ್ಕೆ 6 ಗಂಟೆ. ಅಂಥ ಐದು ಪೇಪರ್ ಇದ್ದರೆ ವಾರಕ್ಕೆ 30 ಗಂಟೆ. 'ತುಂಬಾ ಓದಬೇಕು' ಅನ್ನುವ ಮಾತು ನನ್ನನ್ನು ಕಲ್ಲಿನ ಹಾಗೆ ಕೂರಿಸುತ್ತದೆ. 'ಈ ವಾರ ಈ ಪೇಪರಿಗೆ 6 ಗಂಟೆ' ಅಂದರೆ ಎದ್ದು ಮಾಡುತ್ತೇನೆ.

ಈಗ ನಿಮ್ಮ ನಿಜವಾದ ಶಕ್ತಿ ಎಷ್ಟು ಅಂತ ನೋಡಿ. ಎರಡು ವಾರ ಗಡಿಯಾರ ಇಟ್ಟು ಅಳೆಯಿರಿ. ನನಗೆ ಬಂದದ್ದು ವಾರಕ್ಕೆ 18 ಗಂಟೆ. ಅಂದರೆ ಮೂರು ಪೇಪರು. ಉಳಿದೆರಡನ್ನು ಮುಂದಿನ ಪರೀಕ್ಷೆಗೆ ಬಿಟ್ಟೆ. ಇಗ್ನೋದಲ್ಲಿ ಜೂನ್ ಮತ್ತು ಡಿಸೆಂಬರ್, ವರ್ಷಕ್ಕೆ ಎರಡು ಸಲ ಪರೀಕ್ಷೆ. ಯಾವ ಪೇಪರನ್ನು ಯಾವಾಗ ಬರೆಯುತ್ತೀರಿ ಅನ್ನುವುದನ್ನು ನೀವೇ ತೀರ್ಮಾನಿಸಬಹುದು. ಹಾಗೆ ಬಿಡುವುದು ಸೋಲು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಐದನ್ನೂ ಹಿಡಿದು ನಡುವೆ ಕುಸಿದು ಎಲ್ಲವನ್ನೂ ಬಿಟ್ಟವರನ್ನು ನಾನು ನೋಡಿದ್ದೇನೆ.

ಗಂಟೆಗಳನ್ನು ದಿನಕ್ಕೆ ಹಂಚುವಾಗ ಒಂದು ದಿನ ಒಂದೇ ಪೇಪರ್ ಇಟ್ಟುಕೊಳ್ಳಿ. ಗಂಟೆಗೊಂದು ವಿಷಯ ಬದಲಿಸುವ ಶಾಲೆಯ ಪದ್ಧತಿ ನಮ್ಮ ಮನಸ್ಸಿಗೆ ಒಗ್ಗುವುದಿಲ್ಲ. ಆಟಿಸ್ಟಿಕ್ ಮನಸ್ಸಿನ ಗಮನ ಒಂದೇ ಕಾಲುವೆಯಲ್ಲಿ ಆಳವಾಗಿ ಹರಿಯುತ್ತದೆ. ಅದನ್ನು ತಿರುಗಿಸುವುದೇ ದೊಡ್ಡ ಕೆಲಸ. ತಿರುಗಿಸುವುದನ್ನು ಕಡಿಮೆ ಮಾಡಿದರೆ ಅರ್ಧ ಸುಸ್ತು ಇರುವುದಿಲ್ಲ. ಶುರು ಮಾಡುವಾಗ ಪ್ರತಿ ದಿನವೂ ಒಂದೇ ಕ್ರಮ ಇರಲಿ. ನನ್ನದು ಹೀಗೆ: ಅದೇ ಲೋಟದಲ್ಲಿ ಕಾಫಿ, ಟವೆಲ್ ಬಾಗಿಲಿಗೆ, ಫೋನ್ ಅಡಿಗೆಮನೆಯ ಶೆಲ್ಫಿಗೆ, ನಿನ್ನೆ ಓದಿದ ಕೊನೆಯ ಪುಟ ಮತ್ತೊಮ್ಮೆ. ಅಷ್ಟು ಆಗುವ ಹೊತ್ತಿಗೆ ಓದು ತಾನಾಗಿಯೇ ಶುರುವಾಗಿರುತ್ತದೆ.

ನಿಲ್ಲಿಸಲೂ ಏನಾದರೂ ಬೇಕು. ಮುಳುಗಿದರೆ ನಮಗೆ ಹಸಿವು, ದಾಹ, ಮೂತ್ರ ಯಾವುದೂ ತಿಳಿಯುವುದಿಲ್ಲ. ತೊಂಬತ್ತು ನಿಮಿಷಕ್ಕೊಂದು ಅಲಾರಂ ಇಡಿ. ಸದ್ದಾಗುವುದು ಬೇಡ ಅಂದರೆ ವೈಬ್ರೇಟ್ ಆಗುವ ಕೈಗಡಿಯಾರ. ಎದ್ದು ನೀರು ಕುಡಿಯಿರಿ.

ವಾರದಲ್ಲಿ ಒಂದು ದಿನ ಖಾಲಿ ಬಿಡಿ. ಬೆಸ್ಕಾಂ ಕರೆಂಟ್ ತೆಗೆದ ದಿನ, ಜ್ವರ ಬಂದ ದಿನ, ಏನೂ ಮಾಡಲಾಗದೆ ಮುಸುಕು ಹಾಕಿ ಮಲಗಿದ ದಿನ, ಇವುಗಳ ಬಾಕಿ ತೀರಿಸಲು ಅದು.

5. ಅಸೈನ್‌ಮೆಂಟ್

ನನಗೆ ಅತಿ ಜಾಸ್ತಿ ಕಾಟ ಕೊಟ್ಟದ್ದು ಪ್ರಶ್ನೆಯ ಕೊನೆಯ ಪದ. 'ಚರ್ಚಿಸಿ' ಅಂದರೆ ಯಾರ ಜೊತೆ ಚರ್ಚಿಸಬೇಕು? ನಿಜವಾಗಲೂ ಹೀಗೆ ಯೋಚಿಸುತ್ತಾ ಒಂದು ಸಂಜೆ ಕಳೆದಿದ್ದೇನೆ. ಆಮೇಲೆ ಒಬ್ಬ ಕೌನ್ಸೆಲರ್ ಮೇಡಂ ತಾಳ್ಮೆಯಿಂದ ಹೇಳಿಕೊಟ್ಟರು.

'ವಿವರಿಸಿ' ಅಂದರೆ ಏನು, ಹೇಗೆ, ಯಾಕೆ ಅಷ್ಟೇ. ನಿಮ್ಮ ಅಭಿಪ್ರಾಯ ಕೇಳಿಲ್ಲ. 'ಚರ್ಚಿಸಿ' ಅಂದರೆ ಕನಿಷ್ಠ ಎರಡು ಕಡೆಯ ವಾದ ಬರೆದು, ಕೊನೆಯಲ್ಲಿ ಯಾವುದು ಗಟ್ಟಿ ಅಂತ ಹೇಳುವುದು. 'ವಿಮರ್ಶಾತ್ಮಕವಾಗಿ ಪರಿಶೀಲಿಸಿ' ಅಂದರೆ ಒಂದು ವಾದವನ್ನು ಹೇಳಿ, ಅದರ ಬಲ ಎಲ್ಲಿ, ಕೊರತೆ ಎಲ್ಲಿ ಅಂತ ತೋರಿಸುವುದು. 'ಟಿಪ್ಪಣಿ ಬರೆಯಿರಿ' ಅಂದರೆ ಅರ್ಥ, ಎರಡು ಮೂರು ಮುಖ್ಯ ಅಂಶ, ಒಂದು ಉದಾಹರಣೆ. 'ನಿಮ್ಮ ಮಾತುಗಳಲ್ಲಿ' ಅಂದರೆ ನಿಮ್ಮ ಜೀವನದ ಕಥೆಯಲ್ಲ, ಪುಸ್ತಕದ ವಿಷಯವನ್ನೇ ಸಾಲು ಬದಲಿಸಿ ಬರೆಯುವುದು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಪದಗಳ ಮಿತಿಯನ್ನು ಸ್ನೇಹಿತ ಅಂದುಕೊಳ್ಳಿ. 500 ಪದ ಅಂದಿದ್ದರೆ 500ರ ಸುತ್ತಮುತ್ತ ನಿಲ್ಲಿಸಿ. ನನಗೆ ಇಷ್ಟದ ವಿಷಯ ಬಂದರೆ 2000 ಪದ ಆಗುತ್ತಿತ್ತು, ಉಳಿದ ಉತ್ತರಗಳಿಗೆ ಕೈ ಬರುತ್ತಿರಲಿಲ್ಲ. ಕೊಡುವ ಮೊದಲು ಎಲ್ಲ ಪುಟದ ಫೋಟೋ ತೆಗೆದಿಡಿ. ಕೊಟ್ಟ ಮೇಲೆ ರಸೀದಿ ತಪ್ಪದೆ ಪಡೆಯಿರಿ.

ಪುಸ್ತಕ ಬರುವುದು ತಡವಾದರೆ ಇಗ್ನೋದ ಇ-ಜ್ಞಾನಕೋಶದಲ್ಲಿ ಪಾಠಗಳು ಉಚಿತವಾಗಿ ಸಿಗುತ್ತವೆ. 2017ರಲ್ಲಿ ಶುರುವಾದ ಸ್ವಯಂ ಪೋರ್ಟಲಿನಲ್ಲಿ ವಿಡಿಯೋ ಪಾಠಗಳಿವೆ. ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ಕೇಳಬಹುದು. ಲೈವ್ ಕ್ಲಾಸಿದ್ದರೆ ಕ್ಯಾಮೆರಾ ಆಫ್ ಮಾಡಿ ಕೂರಲು ಸಂಕೋಚ ಬೇಡ. ವಾಟ್ಸಾಪ್ ಗ್ರೂಪನ್ನು ಮ್ಯೂಟ್ ಮಾಡಿ, ದಿನಕ್ಕೊಮ್ಮೆ ಮಾತ್ರ ತೆರೆಯಿರಿ. ಅಲ್ಲಿ ಬರುವ ಗಾಳಿಸುದ್ದಿಗಿಂತ ವಿಶ್ವವಿದ್ಯಾಲಯದ ವೆಬ್‌ಸೈಟ್ ನೋಡುವುದು ಮನಸ್ಸಿಗೆ ಒಳ್ಳೆಯದು.

6. ಆಫೀಸಿನವರ ಜೊತೆ

ಫೋನ್ ಅಂದರೆ ಎದೆ ಹೊಡೆದುಕೊಳ್ಳುವವರು ಇಮೇಲ್ ಮಾಡಿ. ಬರೆದದ್ದಕ್ಕೆ ದಾಖಲೆಯೂ ಇರುತ್ತದೆ. ಒಂದು ಇಮೇಲಿನಲ್ಲಿ ಒಂದೇ ವಿಷಯ. ನಾನು ಕಳಿಸಿದ್ದು ಇದು, ಬೇಕಾದರೆ ಹಾಗೇ ಬಳಸಿ:

"ಮಾನ್ಯರೇ, ನಾನು ಬಿ.ಎ. ವಿದ್ಯಾರ್ಥಿ. ಎನ್‌ರೋಲ್‌ಮೆಂಟ್ ಸಂಖ್ಯೆ ಕೆಳಗಿದೆ. ನನಗೆ ಆಟಿಸಂ ಇದೆ, ಯುಡಿಐಡಿ ಕಾರ್ಡಿನ ಪ್ರತಿ ಲಗತ್ತಿಸಿದ್ದೇನೆ. ಡಿಸೆಂಬರ್ ಪರೀಕ್ಷೆಯಲ್ಲಿ ನನಗೆ ಮೂರು ಅನುಕೂಲ ಬೇಕು. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಕಡಿಮೆ ಜನ ಇರುವ ಕೊಠಡಿ, ಫೋಮ್ ಇಯರ್‌ಪ್ಲಗ್ ಹಾಕಿಕೊಳ್ಳಲು ಅನುಮತಿ. ದಯವಿಟ್ಟು ಇದನ್ನು ಪರೀಕ್ಷಾ ಕೇಂದ್ರಕ್ಕೆ ತಿಳಿಸಿ, ಆ ಪತ್ರದ ಪ್ರತಿಯನ್ನು ನನಗೂ ಕಳಿಸಬೇಕೆಂದು ವಿನಂತಿ."

ಹತ್ತು ದಿನ ಉತ್ತರ ಬರದಿದ್ದರೆ ಅದನ್ನೇ ಮತ್ತೆ ಕಳಿಸಿ. ಖುದ್ದಾಗಿ ಹೋಗಲೇಬೇಕಾದರೆ ಇಮೇಲಿನ ಪ್ರಿಂಟ್ ಹಿಡಿದುಕೊಂಡು ಹೋಗಿ. ಮಾತು ಬಾರದಿದ್ದರೆ ಕಾಗದ ಕೊಟ್ಟರೆ ಸಾಕು.

7. ಕುಸಿಯುವ ವಾರ

ಬರುತ್ತದೆ. ಅಕ್ಷರ ಕಣ್ಣಿಗೆ ಕಂಡರೂ ಒಳಗೆ ಹೋಗುವುದಿಲ್ಲ, ಸಣ್ಣ ಸದ್ದಿಗೂ ಅಳು ಬರುತ್ತದೆ, ಸ್ನಾನ ಕೂಡ ಬೆಟ್ಟ ಆಗುತ್ತದೆ. ಅದು ಸೋಮಾರಿತನ ಅಲ್ಲ. ಆ ವಾರ ಓದು ನಿಲ್ಲಿಸಿ, ಕತ್ತಲೆ ಕೋಣೆಯಲ್ಲಿ ಮಲಗಿ, ನಿಮಗೆ ಇಷ್ಟದ ವಿಷಯದ ಜೊತೆ ಇರಿ. ಮನಸ್ಸು ತೀರಾ ಕತ್ತಲೆಗೆ ಹೋಗುತ್ತಿದೆ ಅನಿಸಿದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡಲು ಆಗದಿದ್ದರೆ ಮನೆಯವರಿಗೆ ಸಂಖ್ಯೆ ತೋರಿಸಿ, ಅವರು ಮಾಡುತ್ತಾರೆ.

8. ಪರೀಕ್ಷೆ

ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಅಂತಿದೆ. ಮೂರು ಗಂಟೆಯ ಪೇಪರಿಗೆ ನಾಲ್ಕು ಗಂಟೆ ಆಯಿತು. ಕೈಬರಹ ಕಷ್ಟ ಇರುವವರು ಲಿಪಿಕಾರರನ್ನು ಕೇಳಬಹುದು.

ಆದರೆ ಇಲ್ಲಿ ಒಂದು ಗಂಟು ಇದೆ. ಇಗ್ನೋದಲ್ಲಿ ಬೆಳಗಿನ ಪೇಪರ್ 10ರಿಂದ 1, ಮಧ್ಯಾಹ್ನದ್ದು 2ರಿಂದ 5. ನಿಮ್ಮ ಬೆಳಗಿನ ಪೇಪರ್ ಮುಗಿಯುವುದು 2ಕ್ಕೆ. ಅಂದರೆ ಊಟ ಇಲ್ಲ, ಉಸಿರು ಬಿಡಲೂ ಹೊತ್ತಿಲ್ಲ. ವೇಳಾಪಟ್ಟಿ ಬಂದ ಕೂಡಲೇ ಒಂದೇ ದಿನ ಎರಡು ಪೇಪರ್ ಬರುತ್ತದೆಯಾ ನೋಡಿ. ಬಂದರೆ ಒಂದನ್ನು ಮುಂದಿನ ಸಲಕ್ಕೆ ಬಿಡಿ.

ನನ್ನ ಮೊದಲ ಪರೀಕ್ಷೆಯಲ್ಲಿ ಆದದ್ದನ್ನು ಹೇಳುತ್ತೇನೆ. ಅನುಮತಿ ಸಿಕ್ಕಿದೆ ಅಂತ ನಂಬಿ ಹೋದೆ. ಕೇಂದ್ರಕ್ಕೆ ಆ ಪತ್ರ ತಲುಪಿರಲಿಲ್ಲ. ಮೂರು ಗಂಟೆಯ ಅವಧಿ ಮುಗಿದ ಕೂಡಲೇ ಉತ್ತರ ಪತ್ರಿಕೆ ಕಿತ್ತುಕೊಂಡರು. ಕೊನೆಯ ಎರಡು ಪ್ರಶ್ನೆ ಹಾಗೇ ಉಳಿಯಿತು. ಹೇಳಬೇಕು ಅಂದರೆ ಗಂಟಲು ಕಟ್ಟಿಹೋಗಿತ್ತು. ನಿಮಗೆ ಹೀಗಾಗಬಾರದು. ಅನುಮತಿ ಪತ್ರದ ಮೂರು ಪ್ರತಿ ಇಟ್ಟುಕೊಳ್ಳಿ. ಮುಕ್ಕಾಲು ಗಂಟೆ ಮೊದಲೇ ಹೋಗಿ, ಮುಖ್ಯ ಮೇಲ್ವಿಚಾರಕರಿಗೆ ಒಂದು ಕೊಡಿ. ಕೊಠಡಿಯ ಮೇಲ್ವಿಚಾರಕರಿಗೆ ಪ್ರಶ್ನೆ ಪತ್ರಿಕೆ ಹಂಚುವ ಮೊದಲೇ ಇನ್ನೊಂದು ಕೊಡಿ. ಮೂರನೆಯದು ಮೇಜಿನ ಮೇಲೆ, ಹಾಲ್ ಟಿಕೆಟ್ ಪಕ್ಕದಲ್ಲಿರಲಿ. ಬಾಯಿ ಕಟ್ಟಿದರೆ ಬೆರಳಿಟ್ಟು ತೋರಿಸಿದರೆ ಸಾಕು.

ಪರೀಕ್ಷೆಗೆ ಎರಡು ದಿನ ಮೊದಲು, ಅದೇ ಹೊತ್ತಿಗೆ ಹೊರಟು ಕೇಂದ್ರದವರೆಗೆ ಹೋಗಿ ಬನ್ನಿ. ಗೇಟು ಎಲ್ಲಿ, ಶೌಚಾಲಯ ಎಲ್ಲಿ, ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದೆಯಾ ನೋಡಿಕೊಳ್ಳಿ. ಮೆಟ್ರೋದಲ್ಲಿ ಹೋಗುವವರು ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಬೇಕಾದರೆ ಇಯರ್‌ಪ್ಲಗ್ ಮೊದಲೇ ಹಾಕಿಕೊಳ್ಳಿ. ಬೆಳಗಿನ ಹೊತ್ತು ಅಲ್ಲಿನ ನೂಕುನುಗ್ಗಲು ಅರ್ಧ ದಿನದ ಶಕ್ತಿ ತಿಂದುಬಿಡುತ್ತದೆ. ಅದಕ್ಕಿಂತ ಜಾಸ್ತಿ ಹೊತ್ತಾದರೂ ನೇರ ಬಸ್ಸು ಇದ್ದರೆ ನಾನು ಅದನ್ನೇ ಹಿಡಿಯುತ್ತೇನೆ. ಹೊಸ ಬಟ್ಟೆ, ಹೊಸ ಪೆನ್ನು, ಹೊಸ ತಿಂಡಿ ಯಾವುದೂ ಆ ದಿನ ಬೇಡ.

ಮರುದಿನಕ್ಕೆ ಏನನ್ನೂ ಇಟ್ಟುಕೊಳ್ಳಬೇಡಿ. ಮದುವೆಗೆ ಹೋಗುವುದು, ಮನೆಗೆ ನೆಂಟರು ಬರುವುದು, ಯಾವುದೂ ಇರಬಾರದು. ಮನೆಯವರಿಗೂ ಹಿಂದಿನ ರಾತ್ರಿಯೇ ಹೇಳಿಬಿಡಿ. ನಾನು ಅಮ್ಮನಿಗೆ ಹೇಳುವುದು ಇಷ್ಟೇ: 'ಪೇಪರ್ ಹೇಗಿತ್ತು ಅಂತ ಸಂಜೆ ಕೇಳಬೇಡಮ್ಮ. ನಾಳೆ ಮಧ್ಯಾಹ್ನ ಊಟದ ಹೊತ್ತಿಗೆ ನಾನೇ ಹೇಳ್ತೀನಿ.'